ಒಲೆಯ ಮೇಲಿನ ಗ್ರಂಥಾಲಯ

ನಿಮ್ಮನ್ನು ರೂಪಿಸಿದ ಪುಸ್ತಕಗಳು ಯಾವುವು ಎಂದು ಯಾರಾದರೂ ಕೇಳಿದರೆ ಸಾಕು, ಅದುವರೆಗೆ ಕಾಲು ಚಾಚಿ ಕೂತವರೂ ನೆಟ್ಟಗಾಗುತ್ತಾರೆ. ಗಂಟಲು ಸರಿಮಾಡಿಕೊಂಡು ಮೊದಲು ಒಂದು ಮಹಾಕಾವ್ಯ, ಆಮೇಲೆ ಯಾರಾದರೊಬ್ಬ ರಷ್ಯದವ, ಕೊನೆಗೆ ಸಂಕೋಚದಿಂದ ಒಂದು ಕನ್ನಡ ಕಾದಂಬರಿ. ಹತ್ತನೇ ವಯಸ್ಸಿನಲ್ಲಿ ಕಂಬಳಿಯೊಳಗೆ ಟಾರ್ಚ್ ಹಿಡಿದು ಓದಿದ್ದೂ ಇದನ್ನೇನಾ ಎಂದು ಮರುಪ್ರಶ್ನೆ ಹಾಕುವವರಿಲ್ಲ. ಹಾಕುವುದು ಮರ್ಯಾದೆಯೂ ಅಲ್ಲ ಬಿಡಿ.

ನನ್ನ ಮಟ್ಟಿಗೆ ಆಯ್ಕೆ ನನ್ನ ಕೈಯಲ್ಲಿ ಇರಲೇ ಇಲ್ಲ. ಮಡಿಕೇರಿಯಿಂದ ಬಸ್ಸು ಹಿಡಿದು, ಇಳಿದು, ತೋಟದೊಳಗೆ ನಡೆದು ಸೇರಬೇಕಾದ ಮನೆ ನಮ್ಮದು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಬಿಟ್ಟರೆ ಪುಣ್ಯ. ಅಂಥ ಮನೆಯಲ್ಲಿ ಯಾವ ಪುಸ್ತಕ ಉಳಿಯಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತಿದ್ದದ್ದು ವಿಮರ್ಶಕರಲ್ಲ, ಬೂಷ್ಟು. ಹಜಾರದ ಗೋಡೆ ಕಪಾಟಿನಲ್ಲಿದ್ದ ಅಜ್ಜನ ದಪ್ಪ ರಟ್ಟಿನ ಸಂಪುಟಗಳು ಮಳೆಗಾಲದ ನಡುವಿನ ಕಕ್ಕಡ ತಿಂಗಳು ಮುಗಿಯುವುದರೊಳಗೆ ಕಡಂಬುಟ್ಟು ಎನ್ನುವ ಅಕ್ಕಿ ಕಡುಬಿನ ಹಾಗೆ ಉಬ್ಬಿ ಕೂರುತ್ತಿದ್ದವು. ಬೂಷ್ಟು ಬಿಟ್ಟದ್ದನ್ನು ಗೆದ್ದಲು ಮುಗಿಸುತ್ತಿತ್ತು. ಉಳಿದದ್ದೆಂದರೆ ಅಡುಗೆಮನೆಯಲ್ಲಿ ಒಲೆಯ ಮೇಲಿನ ಅಟ್ಟಕ್ಕೆ, ಒಳ್ಳೆಮೆಣಸಿನ ಮೂಟೆಯ ಪಕ್ಕಕ್ಕೆ ಬಡ್ತಿ ಪಡೆದವು. ಆ ಬಡ್ತಿ ಕೊಡುವ ಅಧಿಕಾರ ಅವ್ವನದು. ಅಜ್ಜ ಗೌರವಿಸುತ್ತಿದ್ದ ಪುಸ್ತಕಗಳು ಹೀಗೆ ಮಣ್ಣಾದವು, ಅವ್ವ ಓದುತ್ತಿದ್ದ ಪುಸ್ತಕಗಳು ಹೊಗೆ ಕುಡಿದು ಬದುಕಿದವು. ಹೊಸ ಪುಸ್ತಕದ ವಾಸನೆ ಎಂದರೆ ಪ್ರಾಣ ಎನ್ನುವವರು ನನಗೆ ಇವತ್ತಿಗೂ ಅರ್ಥವಾಗುವುದಿಲ್ಲ.

ಅಟ್ಟದ ಸಾಹಿತ್ಯಕ್ಕಿಂತ ಮೊದಲು ಕೈಗೆ ಸಿಕ್ಕಿದ್ದು ರೈಟರ ಸಾಹಿತ್ಯ. ತೋಟದ ಕೂಲಿ ಲೆಕ್ಕ ಬರೆಯುತ್ತಿದ್ದ ರೈಟರು ಸಂತೆಗೆ ಹೋದಾಗಲೆಲ್ಲ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ತರುತ್ತಿದ್ದರು. ಅವರು ಓದಿ, ಅವರ ಭಾವ ಓದಿ, ಕೂಲಿಯವರ ಲೈನ್ ಮನೆಗಳಲ್ಲಿ ಓದಲು ಬರುವವರೆಲ್ಲ ಓದಿ ನಮ್ಮ ಕೈಗೆ ಬರುವ ಹೊತ್ತಿಗೆ ಕೊನೆಯ ಹಾಳೆಗಳು ಯಾರದೋ ಬೀಡಿ ಹಚ್ಚಲು ಹೋಗಿರುತ್ತಿದ್ದವು. ಪತ್ತೇದಾರ ಪುರುಷೋತ್ತಮ ಬಾಗಿಲು ಒದ್ದು ಒಳಗೆ ನುಗ್ಗಿದ, ಅಷ್ಟೆ. ಕೊಲೆಗಾರ ಯಾರು ಎಂಬುದನ್ನು ನಾನು ಮತ್ತು ಅಣ್ಣ ಜಗಳವಾಡಿ ತೀರ್ಮಾನಿಸಿಕೊಳ್ಳಬೇಕಿತ್ತು. ಅಣ್ಣನಿಗೆ ಯಾವಾಗಲೂ ಶ್ರೀಮಂತರ ಮೇಲೆ ಗುಮಾನಿ, ನನಗೆ ತೀರಾ ಒಳ್ಳೆಯವರ ಮೇಲೆ. ದೊಡ್ಡ ದೊಡ್ಡ ಕಾದಂಬರಿಗಳನ್ನು ಓದುವಾಗಲೂ ಈ ಚಟ ನನ್ನನ್ನು ಬಿಟ್ಟಿಲ್ಲ.

ಅಟ್ಟದಲ್ಲಿ ಮೆಣಸಿನ ಮೂಟೆಯ ಪಕ್ಕಕ್ಕಲ್ಲ, ಹಿಂದಕ್ಕೆ ಇದ್ದದ್ದು ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’. ಬರೆದವರು ನಮ್ಮ ಕೊಡಗಿನವರೇ. 1973ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ ಮೇಲೆ ಊರಿನ ಹೆಂಗಸರೆಲ್ಲ ಓದಿದ್ದರು, ಓದಿದ್ದೇವೆ ಎಂದು ಒಬ್ಬರೂ ಹೇಳುತ್ತಿರಲಿಲ್ಲ. ಯುದ್ಧದಲ್ಲಿ ಗಾಯಗೊಂಡು ಬಂದ ಸೇನಾಧಿಕಾರಿ, ಅವನ ಹೆಂಡತಿ ಮಾಧವಿ, ಅವಳ ಆಸೆ. ಮನೆಗೊಬ್ಬ ಪಟ್ಟಾಳಕ್ಕೆ ಹೋದ ಊರಿನಲ್ಲಿ ಈ ಕಥೆ ಮುಟ್ಟುವ ಜಾಗವೇ ಬೇರೆ. ಗೋಡೆಯ ಮೇಲೆ ಸಮವಸ್ತ್ರದ ಫೋಟೋಗಳಿಗೆ ಹಾರ ಹಾಕುತ್ತಿದ್ದೆವು. ಆ ಫೋಟೋಗಳ ಪಕ್ಕದಲ್ಲಿ ನಿಂತ ಹೆಂಗಸರಿಗೂ ಹೇಳುವುದೇನಾದರೂ ಇರಬಹುದು ಎಂದು ನನಗೆ ಮೊದಲು ಹೊಳೆದದ್ದು ಮೆಣಸಿನ ಘಾಟಿಗೆ ಸೀನುತ್ತಾ ಓದಿದ ಆ ಪುಸ್ತಕದಿಂದ.

ಕೊಡಗಿನ ಕೊನೆಯ ರಾಜನ ಮೇಲೆ ಮಾಸ್ತಿಯವರು ಬರೆದ ಕಾದಂಬರಿ ‘ಚಿಕವೀರ ರಾಜೇಂದ್ರ’ ಮನೆಯಲ್ಲಿರಲಿಲ್ಲ. ಇರಲು ಅಜ್ಜ ಬಿಡುತ್ತಿರಲಿಲ್ಲ. “ಕೋಲಾರದ ಕಡೆಯವರು, ಮೈಸೂರು ಸರ್ಕಾರದಲ್ಲಿ ಅಧಿಕಾರಿ. ಅವರಿಗೆ ನಮ್ಮ ರಾಜನ ವಿಷಯ ಯಾರು ಹೇಳಿದರಂತೆ?” ಎನ್ನುವುದು ಅವರ ವಾದ. ಪುಸ್ತಕ ಓದಿದ್ದರೇ ಎಂದು ಕೇಳುವ ಧೈರ್ಯ ಸೋದರಮಾವನಿಗೆ ಮಾತ್ರ ಇತ್ತು. ಸುಗ್ಗಿ ಹಬ್ಬ ಪುತ್ತರಿಯ ಊಟದ ಹೊತ್ತಿಗೆ ಅವರು ಅದನ್ನೇ ಕೇಳಿ ಅಜ್ಜನ ಹಂದಿಕರಿಯ ರುಚಿ ಕೆಡಿಸುತ್ತಿದ್ದರು. ನಾನು ಅದನ್ನು ಓದಿದ್ದು ಕಾಲೇಜಿಗೆ ಬಂದ ಮೇಲೆ, ಮಡಿಕೇರಿ ಕೋಟೆಯೊಳಗಿದ್ದ ಗ್ರಂಥಾಲಯದಲ್ಲಿ. ಯಾವ ರಾಜನ ಕಥೆಯೋ ಅವನ ಅರಮನೆಯ ಅಂಗಳದಲ್ಲೇ ಕೂತು ಓದುವ ಯೋಗ ಎಷ್ಟು ಜನರಿಗೆ ಸಿಕ್ಕೀತು? ಅರಮನೆಯಲ್ಲಿ ಆಗ ಸರ್ಕಾರಿ ಕಚೇರಿಗಳು. ಕಾದಂಬರಿಯ ಕುಂಟ ಬಸವ ಯಾವ ಬಾಗಿಲಲ್ಲಿ ಕಾಯುತ್ತಿದ್ದನೋ ಎಂದು ತಲೆಯೆತ್ತಿದರೆ ವಂಶಪಾರಂಪರ್ಯದ ಜಮ್ಮಾ ಜಾಗದ ಕಾಗದ ಹಿಡಿದು ಗುಮಾಸ್ತರನ್ನು ಕಾಯುತ್ತಿರುವವರು. ಹೊರಗೆ ಎರಡು ಗಾರೆ ಆನೆಗಳು ಮಳೆಯಲ್ಲಿ ನೆನೆಯುತ್ತಾ ನಿಂತಿರುತ್ತಿದ್ದವು.

1834ರಲ್ಲಿ ಕಂಪನಿಯವರು ರಾಜ್ಯ ಕಿತ್ತುಕೊಂಡು ರಾಜನನ್ನು ಕಾಶಿಗೆ ಸಾಗಿಸಿದ್ದು, ಅವನು ಅಲ್ಲಿಂದ ಮಗಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿದ್ದು, 1859ರಲ್ಲಿ ಅಲ್ಲೇ ತೀರಿಕೊಂಡಿದ್ದು ನನಗೆ ಇತಿಹಾಸದಿಂದ ಗೊತ್ತಿತ್ತು. ಗೊತ್ತಿದ್ದೂ ಪ್ರಯೋಜನವಾಗಲಿಲ್ಲ. 1956ರಲ್ಲಿ ಬಂದ, ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದ ಈ ಕಾದಂಬರಿ ಓದಿದ ಮೇಲೆ ನನ್ನ ತಲೆಯಲ್ಲಿ ಬೇರೆ ಚಿಕವೀರರಾಜ ಹುಟ್ಟಲೇ ಇಲ್ಲ. ಅಜ್ಜನ ಭಯ ಇದೇ ಇದ್ದಿರಬೇಕು. ಒಂದು ಊರಿನ ಮೇಲೆ ಒಳ್ಳೆಯ ಕಾದಂಬರಿ ಬಂದುಬಿಟ್ಟರೆ ಆ ಊರಿನವರ ನೆನಪಿಗೆ ಆಮೇಲೆ ಸ್ವಾತಂತ್ರ್ಯವಿಲ್ಲ. ಕೆಟ್ಟ ಕಾದಂಬರಿಯಿಂದ ಈ ತೊಂದರೆ ಇಲ್ಲ.

ನಮ್ಮ ಮನೆಯಲ್ಲಿ ಮಾತು ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಓದು ಕನ್ನಡ. ಇವೆರಡೂ ಒಂದೇ ಹಾಳೆಯ ಮೇಲೆ ಸೇರಿದ್ದು ಕಂಡದ್ದು ‘ಪಟ್ಟೋಲೆ ಪಳಮೆ’ಯಲ್ಲಿ. ಪೊಲೀಸ್ ಅಧಿಕಾರಿಯಾಗಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಹಾಡುಗಳನ್ನು ಕೇಳಿ ಬರೆದುಕೊಂಡು 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ಇದನ್ನು ಮನಸ್ಸಿನಲ್ಲೇ ಓದಲು ನನಗೆ ಆಗುವುದಿಲ್ಲ. ನಾಲ್ವರು ಕೂತು ದುಡಿ ಬಡಿದು ಹಾಡುವುದನ್ನು ಕೇಳಿ ಬೆಳೆದವರಿಗೆ ಎರಡು ಸಾಲು ದಾಟುವುದರೊಳಗೆ ಬೆರಳು ತಾಳ ಹಾಕತೊಡಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕಥೆಗಾರ್ತಿ ಕೊಡಗಿನ ಗೌರಮ್ಮನವರ ಹತ್ತಿರ ಬರುವುದಕ್ಕೆ. ಅವ್ವನ ಅಟ್ಟದಲ್ಲಿ ಅವರ ಕಥಾಸಂಕಲನ ‘ಕಂಬನಿ’ಯ ಪ್ರತಿಯಿತ್ತು. ಅದರಲ್ಲಲ್ಲ, ಶಾಲೆಯ ಹಳೆಯ ಸಂಚಿಕೆಯೊಂದರಲ್ಲಿ ನಾನು ಅವರ ಹೆಸರು ಮೊದಲು ಕಂಡದ್ದು: ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದವರು, ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿ ಸಂಸಾರ ಮಾಡಿದವರು, 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದವರಿಗೆ ಮೈಮೇಲಿನ ಒಡವೆ ಬಿಚ್ಚಿಕೊಟ್ಟವರು, 1939ರಲ್ಲಿ ಈಜಲು ಹೋಗಿ ನೀರುಪಾಲಾದಾಗ ಇಪ್ಪತ್ತೇಳು ವರ್ಷ. ಬೇಂದ್ರೆಯವರು ತಂಗಿ ಎಂದು ಕರೆದು ಅತ್ತು ಪದ್ಯ ಬರೆದರು. ಈ ಬದುಕು ಎಷ್ಟು ಹೇಳಲು ಚೆನ್ನಾಗಿದೆಯೆಂದರೆ ಅವರ ಕಥೆ ಓದುವವರೇ ಕಡಿಮೆಯಾಗಿದ್ದಾರೆ. ಸಭೆಗಳಲ್ಲಿ ಒಡವೆಯ ಪ್ರಸಂಗ ಹೇಳಿ ಕೂತುಬಿಡುತ್ತಾರೆ. ನನಗೆ ಇದರ ಮೇಲೆ ನಿಜವಾದ ಸಿಟ್ಟಿದೆ.

‘ಕಂಬನಿ’ಯಲ್ಲಿ ‘ಅಪರಾಧಿ ಯಾರು?’ ಎಂಬ ತಲೆಬರಹ ನೋಡಿದಾಗ ನನಗಾದ ಖುಷಿ ಊಹಿಸಿಕೊಳ್ಳಿ. ಕೊನೆಯ ಹಾಳೆ ಇರುವ ಪತ್ತೇದಾರಿ ಕಥೆ! ಓದಿದರೆ ಪುರುಷೋತ್ತಮನೂ ಇಲ್ಲ, ಕೈಕೋಳವೂ ಇಲ್ಲ. ಹಾಳೆ ಪೂರ್ತಿ ಇದ್ದೂ ಉತ್ತರ ನಾನೇ ಹುಡುಕಬೇಕು. ಈ ಸಲ ಅಣ್ಣನನ್ನು ಕರೆಯಲಿಲ್ಲ, ಯಾಕೆಂದರೆ ಗುಮಾನಿ ನಮ್ಮ ಮನೆಯ ಹಜಾರದಲ್ಲಿ ಕೂತು ಕಾಫಿ ಕುಡಿಯುವವರ ಮೇಲೇ ಹೋಗುತ್ತಿತ್ತು. ಎಳೆ ವಿಧವೆಯರ ಬಗ್ಗೆ, ಮದುವೆಯೊಳಗಿನ ಮೋಸದ ಬಗ್ಗೆ ಗೌರಮ್ಮನವರು ಕಣ್ಣೀರು ಸುರಿಸದೆ, ನೇರ, ಕೆಲವೊಮ್ಮೆ ಒರಟಾಗಿಯೇ ಬರೆಯುತ್ತಾರೆ. ಎಲ್ಲ ಕಥೆಗಳೂ ಪಕ್ವವಲ್ಲ. ಒಂದೆರಡರಲ್ಲಿ ಕಾಕತಾಳೀಯ ಜಾಸ್ತಿ. ಆದರೆ ಇದೇ ಮಳೆಯಲ್ಲಿ, ಇಂಥದೇ ತೋಟದ ಮನೆಯಲ್ಲಿ ಕೂತ ಹೆಂಗಸೊಬ್ಬಳು ಕಾಫಿ ಹೂವು, ಮಂಜು ಎನ್ನದೆ ಒಳಮನೆಯ ಸುದ್ದಿ ಎತ್ತಬಹುದು ಎಂದು ತೋರಿಸಿದವರು ಅವರು. ಪ್ರವಾಸಕ್ಕೆ ಬಂದವರು ಮಂಜಿನ ಬಗ್ಗೆ ಸಾಕಷ್ಟು ಬರೆಯುತ್ತಾರೆ.

ಆ ಪ್ರತಿ ಈಗ ನನ್ನ ಹತ್ತಿರ ಇಲ್ಲ. ಹೋದ ಮಳೆಗಾಲದಲ್ಲಿ ವಿರಾಜಪೇಟೆಯ ನಮ್ಮ ಅತ್ತಿಗೆ ಓದಿ ಕೊಡುತ್ತೇನೆಂದು ತೆಗೆದುಕೊಂಡು ಹೋದರು. ಫೋನ್ ಮಾಡಿದಾಗಲೆಲ್ಲ ಮೆಣಸಿನ ರೇಟು ಮಾತಾಡುತ್ತಾರೆ, ಮಗನ ಕೆಲಸ ಮಾತಾಡುತ್ತಾರೆ. ಮೊನ್ನೆ ನಾನೇ ನಾಚಿಕೆ ಬಿಟ್ಟು ಕೇಳಿದೆ. “ಅಯ್ಯೋ, ಅದನ್ನು ಸೊಸೆ ಓದುತ್ತಿದ್ದಾಳೆ, ಅವಳಾದ ಮೇಲೆ ಅವಳ ಅಮ್ಮನಿಗೆ ಬೇಕಂತೆ” ಎಂದರು. ಮುಂದಿನ ಸಲ ಕೇಳಬೇಕಾದ್ದು ಕೊನೆಯ ಹಾಳೆ ಇದೆಯೇ ಎಂದು.