ಹದಿನೇಳು ಎಂಟರ್

ನಿನ್ನೆ ರಾತ್ರಿಯಿಂದ ಮನಸ್ಸು ಸರಿಯಿಲ್ಲ. ಬರೆದು ಹಗುರಾಗುತ್ತೇನೆ. ಉದ್ದವಾದೀತು, ಆದರೂ ಓದಿ.

ನನ್ನ ಟೈಪಿಂಗ್ ಅಂಗಡಿ ಮುಚ್ಚುವ ಹೊತ್ತಿಗೆ ಇಂಡಿ ಕಡೆಯ ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದು ಬಂದಳು. ತಾಜ್ ಬಾವಡಿ, ಚಾಂದ್ ಬಾವಡಿ ಮೊದಲಾದ ನಮ್ಮೂರು ವಿಜಯಪುರದ ಬಾವಿಗಳ ಮೇಲೆ ಪಿಎಚ್‌.ಡಿ. ಮಹಾಪ್ರಬಂಧ, 214 ಪುಟ. ಬೆಳಿಗ್ಗೆ ಬೈಂಡಿಂಗ್‌ಗೆ ಕೊಡಬೇಕು. ಅಕ್ಷರ ಸಣ್ಣದಾಯಿತು, 12 ಇದ್ದದ್ದನ್ನು 14 ಮಾಡು ಎಂದು ಮಾರ್ಗದರ್ಶಕರು ಹೇಳಿದ್ದರಂತೆ. ಎಲ್ಲವನ್ನೂ ಒಟ್ಟಿಗೆ ಆಯ್ದು 14 ಮಾಡಿದಳು. ಶೀರ್ಷಿಕೆಯೂ ಮೈಪಠ್ಯವೂ ಒಂದೇ ಗಾತ್ರವಾದವು. ನಾಲ್ಕನೆಯ ಅಧ್ಯಾಯದ ಹೆಸರು ಪುಟದ ನಡುವೆ ಬಂದು ನಿಂತಿತು. ಪರಿವಿಡಿಯ ಒಂದು ಪುಟಸಂಖ್ಯೆಯೂ ತಾಳೆಯಾಗಲಿಲ್ಲ. ಯಾವ ಉಪಶೀರ್ಷಿಕೆ ಯಾವ ಪುಟಕ್ಕೆ ಹೋಯಿತು ಎಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತ ಮಧ್ಯಾಹ್ನದಿಂದ ಕೂತಿದ್ದಳಂತೆ. ಊಟವನ್ನೂ ಮಾಡಿರಲಿಲ್ಲ.

ಫೈಲ್ ತೆರೆದು ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿದೆ. ಹಾಗೆ ಮಾಡಿದರೆ ಅಚ್ಚಿನಲ್ಲಿ ಕಾಣದ ಗುರುತುಗಳನ್ನೆಲ್ಲ ವರ್ಡ್ ತೋರಿಸುತ್ತದೆ: ಸ್ಪೇಸ್ ಇದ್ದಲ್ಲಿ ಚುಕ್ಕೆ, ಟ್ಯಾಬ್ ಇದ್ದಲ್ಲಿ ಬಾಣ, ಎಂಟರ್ ಇದ್ದಲ್ಲಿ ಪ್ಯಾರಾ ಗುರುತು. ಪರದೆಯ ತುಂಬ ಇರುವೆಗಳ ಸಾಲು. ಅಧ್ಯಾಯವನ್ನು ಹೊಸ ಪುಟಕ್ಕೆ ತಳ್ಳಲು ಹದಿನೇಳು ಎಂಟರ್. ಶೀರ್ಷಿಕೆಯನ್ನು ನಡುವೆ ತರಲು ಮೂವತ್ತಕ್ಕೂ ಹೆಚ್ಚು ಸ್ಪೇಸ್. ಪರಿವಿಡಿಯ ಚುಕ್ಕೆಗಳನ್ನೂ ಒಂದೊಂದಾಗಿ ಒತ್ತಿದ್ದಳು.

ನನಗೆ ಸಿಟ್ಟು ಬಂದದ್ದು ಅವಳ ಮೇಲಲ್ಲ. ಪ್ರಮಾಣಪತ್ರ ಕೊಟ್ಟು ಕಳಿಸಿದ ಕಂಪ್ಯೂಟರ್ ತರಗತಿಯ ಮೇಲೆ ಬಂತು. ಅಲ್ಲಿ ಅಕ್ಷರ ದಪ್ಪ ಮಾಡುವುದು, ಬಣ್ಣ ಹಚ್ಚುವುದು, ಅಂಚು ಕಟ್ಟುವುದು ಕಲಿಸಿದ್ದಾರೆ. ವರ್ಡ್‌ನಲ್ಲಿರುವ ‘ಸ್ಟೈಲ್ಸ್’ ಎಂಬುದನ್ನು ಹೇಳಿಯೇ ಇಲ್ಲ.

ನಾನು ಟೈಪ್‌ರೈಟರ್ ಕಾಲದಿಂದ ಈ ಕೆಲಸದಲ್ಲಿರುವವನು, ನಿಮಗೆ ಗೊತ್ತು. ಆಗ ಶೀರ್ಷಿಕೆ ನಡುವೆ ಬರಬೇಕಾದರೆ ಹಾಳೆಯ ಮಧ್ಯಕ್ಕೆ ಹೋಗಿ, ಎರಡಕ್ಷರಕ್ಕೆ ಒಂದರಂತೆ ಹಿಂದಕ್ಕೆ ಸರಿಯಬೇಕಿತ್ತು. ಅದು ಆಗಿನ ವಿದ್ಯೆ. ಯಂತ್ರ ಬದಲಾಯಿತು, ಕಲಿಸುವವರ ಕೈ ಬದಲಾಗಲಿಲ್ಲ. ಆ ಯಂತ್ರವನ್ನು ಕಣ್ಣಿನಿಂದಲೂ ನೋಡದ ಮಕ್ಕಳು ಈಗ ಅದರ ದುಡಿಮೆಯನ್ನು ದುಡಿಯುತ್ತಿದ್ದಾರೆ.

ಸ್ಟೈಲ್ ಎಂಬ ಹೆಸರು ಕೇಳಿ ಜನ ಅಲಂಕಾರ ಎಂದುಕೊಳ್ಳುತ್ತಾರೆ. ಇದು ಅಧ್ಯಾಯದ ಹೆಸರು, ಇದು ಉಪಶೀರ್ಷಿಕೆ, ಇದು ಮೈಪಠ್ಯ ಎಂದು ಯಂತ್ರಕ್ಕೆ ತಿಳಿಸುವ ಬಗೆ ಅದು. ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್, 1 ಒತ್ತಿದರೆ ಅದು ‘ಹೆಡಿಂಗ್ 1’, ಉಪಶೀರ್ಷಿಕೆಗೆ 2. ಆ ‘ಹೆಡಿಂಗ್ 1’ರ ಪ್ಯಾರಾಗ್ರಾಫ್ ಆಯ್ಕೆಗಳಲ್ಲಿ ‘ಪೇಜ್ ಬ್ರೇಕ್ ಬಿಫೋರ್’ ಎಂದು ಒಮ್ಮೆ ಗುರುತು ಹಾಕಿದರೆ ಎಲ್ಲ ಅಧ್ಯಾಯಗಳೂ ತಾವೇ ಹೊಸ ಪುಟದಿಂದ ಶುರುವಾಗುತ್ತವೆ. ಗಾತ್ರವನ್ನು ಸ್ಟೈಲ್‌ನಲ್ಲಿ ಒಂದು ಕಡೆ ಬದಲಿಸಿದರೆ 214 ಪುಟಗಳಲ್ಲೂ ಬದಲಾಗುತ್ತದೆ. ಪರಿವಿಡಿಯನ್ನು ‘ರೆಫರೆನ್ಸಸ್’ನಿಂದ ಹಾಕಿಸಿ, ಪುಟ ಹೆಚ್ಚುಕಡಿಮೆಯಾದಾಗ ಅದರ ಮೇಲೆ ಎಫ್9 ಒತ್ತಿದರೆ ಸಂಖ್ಯೆಗಳು ಸರಿಯಾಗುತ್ತವೆ. ನೋಟ್‌ಬುಕ್ ಬೇಡ, ಪೆನ್ನು ಬೇಡ.

ಕನ್ನಡದವರಿಗೆ ಇನ್ನೂ ಒಂದು ತೊಡಕಿದೆ, ಅದನ್ನಂತೂ ಯಾರೂ ಹೇಳುವುದಿಲ್ಲ. ವರ್ಡ್ ನಮ್ಮ ಲಿಪಿಯನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಗುಂಪಿನಲ್ಲಿಟ್ಟು ಅದಕ್ಕೆ ಬೇರೆ ಫಾಂಟ್, ಬೇರೆ ಗಾತ್ರ ಇಟ್ಟುಕೊಳ್ಳುತ್ತದೆ. ಸ್ಟೈಲ್‌ನಲ್ಲಿ ಇಂಗ್ಲಿಷ್ ಅಕ್ಷರದ ಗಾತ್ರವನ್ನಷ್ಟೇ ಬದಲಿಸಿ, ಕನ್ನಡ ಯಾಕೆ ಅಲುಗಾಡಲಿಲ್ಲ ಎಂದು ಎಷ್ಟೋ ಜನ ತಲೆ ಚಚ್ಚಿಕೊಂಡಿದ್ದಾರೆ. ವರ್ಡ್‌ನಂಥದ್ದೇ ಉಚಿತ ತಂತ್ರಾಂಶ ಲಿಬ್ರೆ ಆಫೀಸ್‌ನಲ್ಲೂ ಇದೇ ಕಥೆ. ಇನ್ನು ಹಳೆಯ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲ್ ಆದರೆ, ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ ವಿನ್ಯಾಸ ಅಳಿಸಲು ಹೋಗಲೇಬೇಡಿ. ಫಾಂಟ್ ಹಾರಿಹೋಗಿ ಕನ್ನಡವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ನಿಲ್ಲುತ್ತದೆ. ಮೊದಲು, ಫಾಂಟ್ ಬದಲಾದರೂ ಕನ್ನಡ ಕನ್ನಡವಾಗಿಯೇ ಉಳಿಯುವ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಆಮೇಲೆ ಉಳಿದದ್ದು.

ಅವಳ ಫೈಲ್ ಯೂನಿಕೋಡ್‌ನಲ್ಲಿತ್ತು, ಪುಣ್ಯ. ಕಂಟ್ರೋಲ್, ಎಚ್ ಒತ್ತಿ, ಹುಡುಕಿ ಬದಲಿಸುವ ಪೆಟ್ಟಿಗೆ ತೆರೆದು, ‘ಸ್ಪೆಷಲ್’ನಿಂದ ಎರಡು ಪ್ಯಾರಾ ಗುರುತು ಆಯ್ದು ಅದರ ಬದಲಿಗೆ ಒಂದು ಎಂದು ಕೊಟ್ಟೆ. ಬದಲಿಸಲು ಏನೂ ಉಳಿಯದಷ್ಟು ಸಲ ಮತ್ತೆ ಮತ್ತೆ ಮಾಡಿದಾಗ ಖಾಲಿ ಸಾಲುಗಳೆಲ್ಲ ಹೋದವು. ಅದೇ ಪೆಟ್ಟಿಗೆಯಲ್ಲಿ ಅವಳು ಇನ್ನೊಂದು ಅನಾಹುತ ಮಾಡಿಕೊಂಡಿದ್ದಳು. 2014ರ ನವೆಂಬರ್ 1ರಿಂದ ನಮ್ಮೂರು ವಿಜಯಪುರವಾಯಿತಲ್ಲ, ‘ಬಿಜಾಪುರ’ ಇದ್ದಲ್ಲೆಲ್ಲ ‘ವಿಜಯಪುರ’ ಎಂದು ಒಂದೇ ಏಟಿಗೆ ಬದಲಿಸಿದ್ದಳು. 1884ರ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ ಬಿಜಾಪುರ ಸಂಪುಟ ಗ್ರಂಥಸೂಚಿಯಲ್ಲಿ ವಿಜಯಪುರ ಸಂಪುಟವಾಗಿತ್ತು! ಪರೀಕ್ಷಕರ ಕಣ್ಣಿಗೆ ಬಿದ್ದಿದ್ದರೆ? ಇಂಥಲ್ಲಿ ‘ರಿಪ್ಲೇಸ್ ಆಲ್’ ಬಿಟ್ಟು ಒಂದೊಂದನ್ನೇ ನೋಡಿ ಬದಲಿಸಬೇಕು.

ಪ್ರಾಧ್ಯಾಪಕರಾದ ಗೆಳೆಯರೊಬ್ಬರು ಬೆಳಿಗ್ಗೆ ಇದನ್ನು ಕೇಳಿ, ‘ಸಂಶೋಧನೆ ಮುಖ್ಯ, ಇದೆಲ್ಲ ಗುಮಾಸ್ತರ ಕೆಲಸ, ಎಂಟರ್ ಒತ್ತಿದ್ದೂ ಸ್ಟೈಲ್ ಹಾಕಿದ್ದೂ ಅಚ್ಚಾದ ಮೇಲೆ ಒಂದೇ ಕಾಣುತ್ತವೆ’ ಎಂದರು. ಒಂದೇ ಕಾಣುತ್ತವೆ, ನಿಜ, ಯಾರೂ ಏನನ್ನೂ ತಿದ್ದದಿದ್ದರೆ. ತಿದ್ದದ ಪ್ರಬಂಧವನ್ನು ನಾನು ಇಷ್ಟು ವರ್ಷದಲ್ಲಿ ಒಂದನ್ನೂ ನೋಡಿಲ್ಲ. ಆ ಹುಡುಗಿ ಬಾವಡಿಯ ಮೆಟ್ಟಿಲುಗಳ ಅಳತೆಯನ್ನು ಇನ್ನೊಮ್ಮೆ ತಾಳೆ ನೋಡಬೇಕಾದ ಸಮಯವನ್ನು ಎಂಟರ್ ಎಣಿಸಲು ಕಳೆದಳು. ಗುಮಾಸ್ತರ ಕೆಲಸ ಎಂದು ಕೀಳಾಗಿ ಕಾಣುವವರು, ಆ ಕೆಲಸ ಗೊತ್ತಿಲ್ಲದ ಮಕ್ಕಳ ಕೈಯಿಂದ ಎಷ್ಟು ರಾತ್ರಿಗಳನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದು ಒಮ್ಮೆ ಲೆಕ್ಕ ಹಾಕಲಿ.

ಒಂದೂವರೆ ಗಂಟೆಯಲ್ಲಿ ಮುಗಿಯಿತು. ಹೊರಗೆ ಅವಳ ತಂದೆ ಬೈಕಿನ ಹತ್ತಿರ ಕಾಯುತ್ತಿದ್ದರು. ಎಫ್9 ಒತ್ತಿ, ಪರಿವಿಡಿಯ ಸಂಖ್ಯೆಗಳು ಬದಲಾದದ್ದನ್ನು ತೋರಿಸಿದೆ. ಅವಳು ಬಹಳ ಹೊತ್ತು ಪರದೆಯನ್ನೇ ನೋಡಿದಳು. ‘ಕಾಕಾ, ಐದು ವರ್ಷ ಇದೇ ಫೈಲ್ ಮುಂದೆ ಕೂತಿದ್ದೇನೆ. ಇದನ್ನು ನನಗೆ ಯಾಕೆ ಯಾರೂ ಹೇಳಲಿಲ್ಲ?’

‘ಹೊತ್ತಾಯಿತು ತಂಗಿ, ನಿನ್ನ ತಂದೆ ಕಾಯುತ್ತಿದ್ದಾರೆ’ ಎಂದಷ್ಟೇ ಹೇಳಿದೆ. ಯಾಕೆಂದರೆ ಆ ‘ಯಾರೂ’ ಎಂಬ ಮಾತಿನಲ್ಲಿ ನಾನೂ ಇದ್ದೇನೆ. ಸ್ಟೈಲ್ಸ್ ನನಗೆ ಎಷ್ಟೋ ವರ್ಷಗಳಿಂದ ಗೊತ್ತು. ಪ್ರಬಂಧ ಸಲ್ಲಿಸುವ ದಿನಗಳಲ್ಲಿ ಬರುವ ಮಕ್ಕಳಿಂದ ಪುಟಕ್ಕೆ ಇಷ್ಟೆಂದು ಹಣ ತೆಗೆದುಕೊಂಡು, ಪರದೆಯನ್ನು ನನ್ನ ಕಡೆಗೇ ತಿರುಗಿಸಿಕೊಂಡು ಸರಿಮಾಡಿ ಕೊಟ್ಟಿದ್ದೇನೆ. ಹೇಳಿಕೊಟ್ಟರೆ ಮತ್ತೆ ಬರುವುದಿಲ್ಲ ಎಂಬ ಭಯವಿತ್ತು. ಮನೆ ನಡೆಯಬೇಕಿತ್ತು, ಅದೂ ನಿಜ. ಆದರೂ ನಿನ್ನೆ ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಈ ಭಾನುವಾರದಿಂದ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಅಂಗಡಿಯಲ್ಲಿ ಇರುತ್ತೇನೆ. ಪ್ರಬಂಧ ಬರೆಯುತ್ತಿರುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಕಳಿಸಿ, ಹಣ ಬೇಡ. ಫೈಲ್‌ನ ಒಂದು ಪ್ರತಿ ಮನೆಯಲ್ಲಿಟ್ಟು ಬರಲಿ. ಕೀಬೋರ್ಡ್ ಮುಂದೆ ಅವರೇ ಕೂರುತ್ತಾರೆ, ನಾನು ಪಕ್ಕದ ಸ್ಟೂಲ್ ಮೇಲೆ ಕೂರುತ್ತೇನೆ.