ಪತನವೇ ಆಗದವರ ಸಾಕ್ಷ್ಯಚಿತ್ರ

ಅಮೆರಿಕದ ಅಧ್ಯಕ್ಷನಾಗಿದ್ದ ನಿಕ್ಸನ್ ಶುದ್ಧ ದಡ್ಡ. ತನ್ನ ಕಚೇರಿಯಲ್ಲಿ ತಾನೇ ಧ್ವನಿಮುದ್ರಣ ಯಂತ್ರ ಕೂರಿಸಿಕೊಂಡು ಸುಮಾರು 3,700 ಗಂಟೆಗಳ ಮಾತು ಹಿಡಿದಿಟ್ಟ. ವಾಟರ್‌ಗೇಟ್ ಹಗರಣದ ತನಿಖೆಗೆ ಟೇಪು ಒಪ್ಪಿಸು ಎಂದು 1974ರ ಜುಲೈ 24ರಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಆಗಸ್ಟ್ 9ಕ್ಕೆ ಕುರ್ಚಿ ಬಿಟ್ಟು ಮನೆಗೆ ಹೋದ. ಹಳೆಯ ಟೇಪು, ಹಳೆಯ ದೃಶ್ಯ ಜೋಡಿಸಿ ಕಂತು ಕಂತಾಗಿ ಸಾಕ್ಷ್ಯಚಿತ್ರ ಮಾಡುವವರಿಗೆ ಇಷ್ಟು ಅನುಕೂಲ ಮಾಡಿಕೊಟ್ಟವರು ಕಡಿಮೆ.

ಅಂಥದ್ದನ್ನು ನೋಡಿ ನಮ್ಮ ಶಿವಮೊಗ್ಗದಲ್ಲೂ ಒಬ್ಬರಿಗೆ ಆಸೆ ಹುಟ್ಟಿತೆಂದು ಇಟ್ಟುಕೊಳ್ಳಿ. ಯಾವುದೋ ನಿಗಮದ ಮಾಜಿ ಅಧ್ಯಕ್ಷರು. ಯಾವ ನಿಗಮವೆಂದು ಅವರಿಗೂ ಸ್ಪಷ್ಟವಿಲ್ಲ, ಅನುದಾನ ಬಂದದ್ದು ಮಾತ್ರ ನೆನಪಿದೆ.

ಮೊದಲ ಕಂತು ಸಲೀಸು. ಬಡತನ, ಸೊಪ್ಪಿನಬೆಟ್ಟದಲ್ಲಿ ದನ ಕಾಯ್ದದ್ದು, ತುಂಬಿದ ಹೊಳೆ ದಾಟಿ ಶಾಲೆಗೆ ಹೋದದ್ದು. (ತಂದೆಗೆ ಹತ್ತು ಎಕರೆ ಅಡಿಕೆ ತೋಟವಿತ್ತು. ಹೊಳೆ ತುಂಬುತ್ತಿದ್ದುದು ಸುಳ್ಳಲ್ಲ.) ಎರಡನೆಯದರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹ ಬೇಕೇ ಬೇಕೆಂದರು. ‘ಅದು ನಡೆದದ್ದು 1951ರಲ್ಲಿ, ತಾವು ಆಗ ಹುಟ್ಟಿರಲಿಲ್ಲವಲ್ಲ ಸರ್’ ಎಂದು ಕ್ಯಾಮೆರಾ ಹುಡುಗ ತಲೆ ಕೆರೆದುಕೊಂಡ. ‘ಪ್ರೇರಣೆಗೆ ವಯಸ್ಸಿನ ಹಂಗೇಕೋ ತಮ್ಮಾ?’ ಆ ಸತ್ಯಾಗ್ರಹದಲ್ಲಿದ್ದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ‘ಒಂದು ನೋಟು, ಒಂದು ವೋಟು’ ಎಂದು ಜನರ ಮುಂದೆ ಕೈಯೊಡ್ಡಿ ಚುನಾವಣೆ ಗೆದ್ದರು. ಸಾಹೇಬರೂ ಅದೇ ಸಿದ್ಧಾಂತದವರೇ. ನೋಟು ಹರಿಯುವ ದಿಕ್ಕು ಬದಲಾಗಿದೆ, ಅಷ್ಟೆ.

ತಕರಾರು ಬಂದದ್ದು ಪತನದ ಕಂತಿನಲ್ಲಿ. ಜಾಮೀನಿನ ದಿನದ ದೃಶ್ಯ ಬೇಕಾದಷ್ಟಿದೆ: ಗೋಪಿ ಸರ್ಕಲ್ಲಿನಲ್ಲಿ ಪಟಾಕಿ, ಜೆಸಿಬಿಯಿಂದ ಹೂಮಳೆ, ಕ್ರೇನಿನಲ್ಲಿ ತೂಗುವ ಸೇಬಿನ ಹಾರ, ಹಾರ ಸಾಹೇಬರ ಕೊರಳು ಮುಟ್ಟುವ ಮೊದಲೇ ಹಣ್ಣು ಕಿತ್ತು ಜೇಬಿಗಿಳಿಸುವ ಕಾರ್ಯಕರ್ತರು. ಇದನ್ನೂ ಅಧಿಕಾರ ಸಿಕ್ಕ ದಿನದ ದೃಶ್ಯವನ್ನೂ ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಸಂಕಲನಕಾರನಿಗೇ ತಿಳಿಯಲಿಲ್ಲ. ಜಾಮೀನಿನ ದಿನದ ಹಾರ ದೊಡ್ಡದಿತ್ತು.

ಕಾಗದಪತ್ರ ಕೇಳಿದರೆ, ಬಗರ್‌ಹುಕುಂ ಕಡತ ಮಳೆಗೆ ನೆನೆಯಿತು, ಉಳಿದದ್ದನ್ನು ಗೆದ್ದಲು ತಿಂದಿತು ಎಂಬ ಉತ್ತರ. ಮಲೆನಾಡಿನ ಮಳೆಗೆ ವಿವೇಚನೆಯಿದೆ: ಅದೇ ಕಪಾಟಿನಲ್ಲಿ ಅರ್ಧ ಎಕರೆಯವನ ಒತ್ತುವರಿ ನೋಟಿಸು ಗರಿಗರಿಯಾಗಿತ್ತು. ನಿಕ್ಸನ್ನನ ಒಂದು ಟೇಪಿನಲ್ಲಿ ಹದಿನೆಂಟೂವರೆ ನಿಮಿಷ ಅಳಿಸಿದ್ದನ್ನು ಜಗತ್ತು ಇನ್ನೂ ಆಡಿಕೊಳ್ಳುತ್ತದೆ. ಫೋನ್ ಎತ್ತುವಾಗ ಕಾಲು ಟೇಪು ಯಂತ್ರದ ಪೆಡಲಿನ ಮೇಲೇ ಉಳಿಯಿತು ಎಂದು ಅವನ ಕಾರ್ಯದರ್ಶಿ ಐದು ನಿಮಿಷದ ಹೊಣೆಯನ್ನಾದರೂ ಹೊತ್ತಳು. ನಮ್ಮ ಗೆದ್ದಲು ಇಡೀ ಅಧಿಕಾರಾವಧಿಯನ್ನೇ ನುಂಗಿದರೂ ಹೇಳಿಕೆ ಕೊಡುವುದಿಲ್ಲ.

ಆ ಕಂತಿಗೆ ಈಗ ‘ಕಿರು ವಿಶ್ರಾಂತಿ’ ಎಂದು ಹೆಸರಿಟ್ಟಿದ್ದಾರೆ. ಬಿಡುಗಡೆ ಕುವೆಂಪು ರಂಗಮಂದಿರದಲ್ಲಿ. ಅಧ್ಯಕ್ಷತೆ, ಅಂದು ಸಾಹೇಬರ ಹಗರಣದ ಪಟ್ಟಿ ಓದಿ ಮೇಜು ಕುಟ್ಟಿದ್ದ ವಿರೋಧಿ ನಾಯಕರದು. ಈಗ ಇಬ್ಬರದೂ ಒಂದೇ ಪಕ್ಷ. ಕಡುಬಿನ ಊಟವಿದೆ, ಬೇಗ ಬಂದವರಿಗೆ ಸೇಬು.