ಸೇವನೆಗಲ್ಲದ ಮಹಾಪ್ರಸಾದ

ಬಾಟಲಿಯಲ್ಲಿರುವುದು ಹತ್ತು ಗ್ರಾಂ ಪುಡಿ. ಯುರೋಪಿನ ಆನ್‌ಲೈನ್ ಅಂಗಡಿಗಳಲ್ಲಿ ಹದಿನೈದು ಇಪ್ಪತ್ತು ಯೂರೊಗಳಿಗೆ ಸಿಗುತ್ತದೆ. ಮುಂಬದಿಯ ಚೀಟಿಯಲ್ಲಿ ಒಂದು ಜಾಗ್ವಾರ್ (ಕಾರಲ್ಲ, ಪ್ರಾಣಿ), ಒಂದು ಗಿಣಿಗರಿ, ಕೆಳಗೆ ಭಕ್ತಿಭಾವದ ಒಕ್ಕಣೆ: ಅಮೆಜಾನ್ ಕಾಡಿನ ಪವಿತ್ರ ಔಷಧ, ಮನಸ್ಸನ್ನು ತಿಳಿಗೊಳಿಸುತ್ತದೆ, ಭೂತಾಯಿಯೊಂದಿಗೆ ಬೆಸೆಯುತ್ತದೆ, ಮೂರನೆಯ ಕಣ್ಣು ತೆರೆಸುತ್ತದೆ. ಬಾಟಲಿಯನ್ನು ಹಿಂದಕ್ಕೆ ತಿರುಗಿಸಿದರೆ, ಕನ್ನಡಕವಿದ್ದರೂ ಕಣ್ಣು ಕಿರಿದು ಮಾಡಿಕೊಂಡು ಓದಬೇಕಾದ ಅಕ್ಷರಗಳಲ್ಲಿ ಇನ್ನೊಂದು ಒಕ್ಕಣೆ: ಇದು ಸಸ್ಯಶಾಸ್ತ್ರೀಯ ಮಾದರಿ, ಸಂಗ್ರಹಕ್ಕೆ ಮಾತ್ರ, ಮಾನವ ಸೇವನೆಗೆ ಅಲ್ಲ. ಅದೇ ಪುಟದಲ್ಲಿ ಸ್ವಲ್ಪ ಕೆಳಗೆ, ಆ ಮಾದರಿಯನ್ನು ಮೂಗಿಗೆ ಊದಿಕೊಳ್ಳುವ ಬಿದಿರಿನ ಕೊಳವೆ ಮಾರಾಟಕ್ಕಿದೆ. ಕೊಳವೆಯೂ ಸಂಗ್ರಹಕ್ಕೇ ಇರಬೇಕು.

ಇದನ್ನು ಯಾವುದೋ ಒಂದು ಅಂಗಡಿಯ ಕಳ್ಳಾಟ ಎಂದುಕೊಳ್ಳಬೇಡಿ. ಈ ವ್ಯಾಪಾರದ ಕುಲಾಚಾರವೇ ಹಾಗೆ. ಔಷಧ ಎಂದು ಬರೆದುಕೊಟ್ಟರೆ ಔಷಧ ನಿಯಂತ್ರಕರು ಪುರಾವೆ ಕೇಳುತ್ತಾರೆ. ತಂಬಾಕು ಎಂದು ಬರೆದರೆ ತೆರಿಗೆಯವರೂ ಎಚ್ಚರಿಕೆಯ ಚಿತ್ರದವರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಆದ್ದರಿಂದ ಭಕ್ತರ ಮುಂದೆ ಮಹಾಪ್ರಸಾದ, ಇನ್‌ಸ್ಪೆಕ್ಟರ ಮುಂದೆ ಒಣಗಿದ ಗಿಡ. ಒಂದೇ ಪುಡಿ ಬಾಟಲಿಯ ಮುಂದೊಂದು, ಹಿಂದೊಂದು ಅವತಾರ ತಾಳಿದೆ.

ಪುಡಿಯ ಹೆಸರು ಹಪೆ. ಸುತ್ತುಬಳಸಿಲ್ಲದೆ ಹೇಳುವುದಾದರೆ ನಶ್ಯ. ಬ್ರೆಜಿಲ್‌ನ ಪಶ್ಚಿಮದ ಅಂಚಿನಲ್ಲಿ, ಪೆರು ಮತ್ತು ಬೊಲಿವಿಯಾಗಳಿಗೆ ತಾಗಿಕೊಂಡಿರುವ ಆಕ್ರೆ ರಾಜ್ಯದಲ್ಲಿ ಹುನಿ ಕುಯಿನ್, ಯವನಾವಾ, ನುಕಿನಿ, ಕಟುಕಿನಾ ಮುಂತಾದ ಜನಾಂಗಗಳು ಇದನ್ನು ಮಾಡುತ್ತಾ ಬಂದಿವೆ. ಹಗ್ಗದ ಹಾಗೆ ಹೊಸೆದು ಸುತ್ತಿಟ್ಟ ಹೊಗೆಸೊಪ್ಪನ್ನು ತೆಳ್ಳಗೆ ಹೆಚ್ಚಿ, ಬೆಂಕಿಯ ಕಾವಿನಲ್ಲಿ ಗರಿಗರಿಯಾಗಿಸಿ, ಕುಟ್ಟಿ, ವಸ್ತ್ರಗಾಳಿತ ಮಾಡುತ್ತಾರೆ. ಇನ್ನೊಂದು ಕಡೆ ತ್ಸುನು ಮರದ್ದೋ ಮತ್ತೊಂದು ಮರದ್ದೋ ತೊಗಟೆಯನ್ನು ಸುಟ್ಟು ಬೂದಿ ಮಾಡಿ ಅದನ್ನೂ ಗಾಳಿಸುತ್ತಾರೆ. ಎರಡನ್ನೂ ಬೆರೆಸಿ ಮತ್ತೆ ಕುಟ್ಟುವುದು, ಮತ್ತೆ ಗಾಳಿಸುವುದು. ರಟ್ಟೆ ಬಿದ್ದುಹೋಗುವ ಕೆಲಸ. ಸೊಪ್ಪನ್ನು ಎಷ್ಟೋ ಸಲ ಪೇಟೆಯ ಸಂತೆಯಲ್ಲೇ ಕೊಂಡು ತರುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ನಮ್ಮ ದೇವರ ತೆಂಗಿನಕಾಯಿಯೂ ಸಂತೆಯದೇ.

ಬೂದಿ ಸುಮ್ಮನೆ ಸೇರಿಸುವುದಲ್ಲ. ಬೂದಿ ಕ್ಷಾರ. ಕ್ಷಾರ ಕೂಡಿದೊಡನೆ ಸೊಪ್ಪಿನಲ್ಲಿರುವ ನಿಕೋಟಿನ್ ಬಿಡುಗಡೆಯಾಗಿ, ಮೂಗಿನ ಒಳಪೊರೆಯ ಮೂಲಕ ಸರಕ್ಕನೆ ರಕ್ತಕ್ಕೆ ಇಳಿಯುತ್ತದೆ. ಅಂಗೈಯಲ್ಲಿ ಹೊಗೆಸೊಪ್ಪಿಗೆ ಸುಣ್ಣ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುವ ನಮ್ಮ ರೈತನೂ ಇದೇ ರಸಾಯನಶಾಸ್ತ್ರದ ಪಂಡಿತ. ಅವನ ತಲೆಯ ಮೇಲೆ ಟವೆಲ್ಲಿನ ಬದಲು ಗಿಣಿಗರಿಯ ಕಿರೀಟವಿದ್ದಿದ್ದರೆ ಈ ಹೊತ್ತಿಗೆ ಅವನೂ ಜಗದ್ಗುರುವಾಗಿರುತ್ತಿದ್ದ.

ಊದುವುದು ಇಬ್ಬರ ಕೆಲಸ. ತೆಪಿ ಎಂಬ ಉದ್ದ ಕೊಳವೆಯ ಒಂದು ತುದಿ ಊದುವವನ ಬಾಯಲ್ಲಿ, ಇನ್ನೊಂದು ತುದಿ ಕೂತವನ ಮೂಗಿನ ಹೊಳ್ಳೆಯಲ್ಲಿ. ಒಂದು ಹೊಳ್ಳೆಗೆ ಒಮ್ಮೆ, ಇನ್ನೊಂದಕ್ಕೆ ಒಮ್ಮೆ. ಒಬ್ಬನೇ ಇದ್ದರೆ ಊದಿಕೊಳ್ಳಲು ಕುರಿಪೆ ಎಂಬ ಗಿಡ್ಡ ಸಾಧನವಿದೆ. ಊದಿದ ಮರುಕ್ಷಣ ನೆತ್ತಿ ಸಿಡಿದಂತಾಗಿ ಕಣ್ಣಲ್ಲಿ ನೀರು, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಅಭ್ಯಾಸವಿಲ್ಲದವರಿಗೆ ವಾಂತಿ. ಆಮೇಲೆ ಸ್ವಲ್ಪ ಹೊತ್ತು ಮನಸ್ಸು ಗಪ್‌ಚಿಪ್. ಕಾಡಿನಲ್ಲಿ ಇದಕ್ಕೆ ಸರಿಯಾದ ಸಂದರ್ಭಗಳಿವೆ. ಬೇಟೆಗಾರನಿಗೆ ದಿನಗಟ್ಟಲೆ ಏನೂ ಸಿಗದೆ ಕೈಕಾಲು ಜೋಲುಬಿದ್ದರೆ ಅವನಿಗೆ ಪನೆಮಾ ಅಂಟಿದೆ ಎನ್ನುತ್ತಾರೆ, ಅದೊಂದು ಬಗೆಯ ಶನಿಕಾಟ. ಅದನ್ನು ಬಿಡಿಸಲು ಊದುತ್ತಾರೆ. ಪೂಜೆ, ಚಿಕಿತ್ಸೆಗಳಲ್ಲಿ ಊದುತ್ತಾರೆ. ಸಂಜೆ ಕೆಲಸ ಮುಗಿಸಿ ನಾಲ್ಕು ಜನ ಹರಟೆಗೆ ಕೂತಾಗಲೂ ಊದುತ್ತಾರೆ. ಪ್ರತಿ ಸಲವೂ ಬ್ರಹ್ಮಾಂಡ ಬಾಯ್ತೆರೆಯಬೇಕೆಂಬ ಕರಾರು ಅಲ್ಲಿಲ್ಲ.

ಈ ಪನೆಮಾ ವೀಸಾ ಪಡೆದು ಬರ್ಲಿನ್‌ಗೋ ಕ್ಯಾಲಿಫೋರ್ನಿಯಾಕ್ಕೋ ಬಂದಿಳಿದಾಗ ಅದರ ವೇಷ ಬದಲಾಗುತ್ತದೆ. ಬೇಟೆ ಸಿಗದವನ ಸಂಕಟ ಹೋಗಿ ಶಕ್ತಿಚಕ್ರಗಳ ತಡೆ ಎಂದಾಗುತ್ತದೆ, ಸೋಮವಾರದ ಮೀಟಿಂಗಿನ ಆಯಾಸವಾಗುತ್ತದೆ, ಹಿಂದಿನ ಗೆಳತಿಯ ನೆನಪಾಗುತ್ತದೆ. ಶನಿವಾರ ಸಂಜೆ ಯೋಗದ ಹಾಲ್‌ನಲ್ಲಿ ಜನ ಚಕ್ರಾಕಾರವಾಗಿ ಕೂರುತ್ತಾರೆ. ಪ್ರತಿಯೊಬ್ಬರ ಮುಂದೆ ಒಂದು ಚಾಪೆ, ಒಂದು ಟಿಶ್ಯೂ ಸುರುಳಿ, ವಾಂತಿಗೆ ಒಂದು ಪ್ಲಾಸ್ಟಿಕ್ ಬಕೆಟ್. ಅಮೆಜಾನಿನ ಪರಿಶುದ್ಧ ಪರಂಪರೆ ಎಂದು ಪ್ರಕಟಣೆಯಲ್ಲಿದೆ. ಸರಿ, ಪರಿಶುದ್ಧಿಯನ್ನು ಲೆಕ್ಕ ಹಾಕೋಣ. ಮೊದಲಿಗೆ ಹೊಗೆ ಹಾಕುವುದು ಕ್ಯಾಲಿಫೋರ್ನಿಯಾದ ಬಿಳಿ ಸೇಜ್ ಗಿಡದ್ದು. ಟಣ್ ಎಂದು ಬಾರಿಸುವುದು ಟಿಬೆಟಿನ ಹೆಸರಿನ ಕಂಚಿನ ಬಟ್ಟಲು. ಒಬ್ಬರು ಮಾತು ಮುಗಿಸಿದಾಗ ಎಲ್ಲರೂ ‘ಅಹೋ’ ಎನ್ನುವುದು ಉತ್ತರ ಅಮೆರಿಕದ ಬಯಲಿನ ಆದಿವಾಸಿಗಳಿಂದ ಎತ್ತಿಕೊಂಡದ್ದು. ಕೊನೆಗೆ ಕೈಮುಗಿದು ‘ನಮಸ್ತೆ’. ಅದರ ಮಾಲೀಕರು ಯಾರೆಂದು ಹೇಳಬೇಕಾಗಿಲ್ಲ. ಈ ಎಲ್ಲದರ ನಡುವೆ ಅಮೆಜಾನಿನ ಪಾಲು ಹೆಬ್ಬೆರಳಿನ ಉಗುರಿನಷ್ಟು ಪುಡಿ.

ಇನ್ನು ಸಮ್ಮತಿ ಪತ್ರ. ಊದುವ ಮೊದಲು ರುಜು ಹಾಕಬೇಕು. ಹೃದ್ರೋಗವಿದೆಯೇ, ರಕ್ತದೊತ್ತಡವಿದೆಯೇ, ಗರ್ಭಿಣಿಯೇ, ಅಪಸ್ಮಾರವಿದೆಯೇ, ಯಾವ ಮಾತ್ರೆ ನುಂಗುತ್ತೀರಿ? ಶಸ್ತ್ರಚಿಕಿತ್ಸೆಗೆ ಮುಂಚೆ ಕೇಳುವಷ್ಟೇ ಪ್ರಶ್ನೆಗಳು. ಏನಾದರೂ ಆದರೆ ಅದು ನಿಮ್ಮ ಹಣೆಬರಹ ಎಂಬುದು ಕೊನೆಯ ಕಲಮು. ಒಂದು ಗಿಡದ ಮಾದರಿಯನ್ನು ನೋಡಿ ಸಂಗ್ರಹಿಸಲು ಇಷ್ಟೊಂದು ಆರೋಗ್ಯವಂತರಾಗಿರಬೇಕೆಂದು ನಮ್ಮ ಲಾಲ್‌ಬಾಗಿನವರಿಗೆ ಈವರೆಗೆ ಹೊಳೆದಿಲ್ಲ.

ಚಕ್ರದಲ್ಲಿ ಕೂತವರ ಪೈಕಿ ಬಹುಪಾಲು ಸಾತ್ವಿಕರು. ಹಾಲು ಮುಟ್ಟದವರು, ಸಕ್ಕರೆ ಬಿಟ್ಟವರು, ಕಾಫಿ ಕುಡಿದರೆ ನರಮಂಡಲ ಕಲುಷಿತವಾಗುತ್ತದೆ ಎನ್ನುವವರು. ಬಸ್ ನಿಲ್ದಾಣದಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಮೂಗು ಮುರಿದು ದೂರ ಸರಿಯುವವರು. ಅವರ ಮೂಗಿಗೆ ಈಗ ಹೊಗೆಸೊಪ್ಪು ನೇರವಾಗಿ ಏರುತ್ತಿದೆ, ಅದೂ ಎಷ್ಟೋ ಸಲ ನಿಕೋಟಿಯಾನಾ ರಸ್ಟಿಕಾ, ಸಿಗರೇಟಿನ ಸೊಪ್ಪಿಗಿಂತ ಹಲವು ಪಟ್ಟು ಹೆಚ್ಚು ನಿಕೋಟಿನ್ ಇರಬಲ್ಲ ಜಾತಿ. ಇದು ತಂಬಾಕಲ್ಲವೇ ಎಂದು ಕೇಳಿ ನೋಡಿ. ‘ಅಲ್ಲ, ಇವರು ತಂಬಾಕಜ್ಜ, ಸಸ್ಯಗಳಲ್ಲಿ ಹಿರಿಯ ಚೇತನ’ ಎಂಬ ಉತ್ತರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಡಿಯ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೊಗೆರಹಿತ ತಂಬಾಕನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅಜ್ಜ ಎಂದು ಕರೆದು ಕಾಲಿಗೆ ಬಿದ್ದರೆ ಎರಡನೆಯ ಗುಂಪಿಗೆ ಇಳಿಸುವ ಏರ್ಪಾಡು ಅಲ್ಲಿದ್ದಂತಿಲ್ಲ.

ಯುರೋಪಿಗೆ ಈ ಅಜ್ಜ ಹೊಸಬನೇನಲ್ಲ. ಕೊಲಂಬಸ್‌ನ ಎರಡನೆಯ ಯಾನದಲ್ಲಿ ಹೋಗಿದ್ದ ರಮೋನ್ ಪಾನೆ ಎಂಬ ಸನ್ಯಾಸಿ, ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದ ತಾಯ್ನೊ ಜನ ಕೊಹೋಬ ಎಂಬ ಪುಡಿಯನ್ನು ಮೂಗಿಗೇರಿಸಿ ದೇವರೊಡನೆ ಮಾತಾಡುವುದನ್ನು ಕಂಡು ಬರೆದಿಟ್ಟ. (ಅದರ ಕಾಳು ಬೇರೆ ಮರದ್ದು, ಆದರೆ ಮೂಗು ಅದೇ.) 1560ರ ಹೊತ್ತಿಗೆ ಜೀನ್ ನಿಕೊ ಎಂಬ ರಾಯಭಾರಿ ಲಿಸ್ಬನ್‌ನಿಂದ ಫ್ರಾನ್ಸಿನ ರಾಜಮಾತೆ ಕ್ಯಾಥರೀನ್ ದ ಮೆಡಿಚಿಗೆ ತಂಬಾಕು ಕಳಿಸಿದ, ತಲೆನೋವಿಗೆ ದಿವ್ಯೌಷಧ ಎಂದು. ಆಗಲೂ ಔಷಧವೇ! ನೂರು ವರ್ಷ ಕಳೆಯುವುದರೊಳಗೆ ಪಾದ್ರಿಗಳೇ ಚರ್ಚಿನೊಳಗೆ ನಶ್ಯ ಏರಿಸಿ ಸೀನತೊಡಗಿದರು. ಎಂಟನೆಯ ಅರ್ಬನ್ ಪೋಪ್ 1642ರಲ್ಲಿ ಸೆವಿಲ್ ಧರ್ಮಪ್ರಾಂತ್ಯದ ಚರ್ಚುಗಳಲ್ಲಿ ತಂಬಾಕು ಸೇವಿಸಿದರೆ ಬಹಿಷ್ಕಾರ ಎಂದು ಆಜ್ಞೆ ಹೊರಡಿಸಿದರು. 1725ರಲ್ಲಿ ಹದಿಮೂರನೆಯ ಬೆನೆಡಿಕ್ಟ್ ಪೋಪ್ ನಿಷೇಧವನ್ನು ತೆಗೆದುಹಾಕಿದರು. ಅವರಿಗೂ ನಶ್ಯದ ರುಚಿ ಹತ್ತಿತ್ತು.

ನಮ್ಮ ಕಡೆಗೂ ಸೊಪ್ಪು ಪೋರ್ಚುಗೀಸರ ಹಡಗಿನಲ್ಲೇ ಬಂತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ನಮ್ಮ ವಿಜಯಪುರದಲ್ಲಿ, ಆದಿಲ್‌ಶಾಹಿಗಳ ಊರಿನಲ್ಲಿ. ರತ್ನ ಕೂರಿಸಿದ ಕೊಳವೆಯ ಸಮೇತ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ್ ಒಂದೆರಡು ದಮ್ಮು ಎಳೆದದ್ದೇ ಹಕೀಮರು ಅಡ್ಡಬಂದರು: ಪರೀಕ್ಷೆಯಾಗದ ಸೊಪ್ಪು, ಬೇಡ. ಆ ಹಕೀಮರಲ್ಲಿ ಒಬ್ಬರು ಈಗ ಬರ್ಲಿನ್‌ನ ಯೋಗದ ಹಾಲ್‌ನಲ್ಲಿದ್ದಿದ್ದರೆ, ನಕಾರಾತ್ಮಕ ಶಕ್ತಿ ಹರಡುತ್ತಿದ್ದೀರಿ ಎಂದು ಹೊರಗೆ ಕಳಿಸಿರುತ್ತಿದ್ದರು.

ಹಳಮೆಯ ಬಗ್ಗೆ ನನಗೆ ತಕರಾರಿಲ್ಲ. ಬೊಲಿವಿಯಾದ ಒಂದು ಗುಹೆಯಲ್ಲಿ ಸಿಕ್ಕ ಸುಮಾರು ಸಾವಿರ ವರ್ಷ ಹಳೆಯ ಗಂಟಿನಲ್ಲಿ ನಶ್ಯದ ಹಲಗೆಗಳು, ಕೊಳವೆ, ಮೂರು ನರಿಗಳ ಮೂತಿಯ ಚರ್ಮ ಕೂಡಿಸಿ ಹೊಲಿದ ಚೀಲ ಇದ್ದವು. 2019ರಲ್ಲಿ ಅದರ ವಿವರ ಪ್ರಕಟವಾಯಿತು. ತಕರಾರು ಇರುವುದು ನಡುವಿನ ಚರಿತ್ರೆಯನ್ನು ಬಾಟಲಿಯ ಚೀಟಿ ನುಂಗಿಹಾಕುವುದರ ಬಗ್ಗೆ. ರಬ್ಬರಿನ ಕಾಲದಲ್ಲಿ ಆಕ್ರೆಯ ಆದಿವಾಸಿಗಳ ಮೇಲೆ ಬಂದೂಕಿನ ದಂಡು ಬಿಟ್ಟು ಊರೂರು ಖಾಲಿ ಮಾಡಿಸಿದರು. ಉಳಿದವರನ್ನು ತೀರದ ಸಾಲಕ್ಕೆ ಕಟ್ಟಿ ರಬ್ಬರು ಇಳಿಸಲು ಹಚ್ಚಿದರು. ಹುನಿ ಕುಯಿನ್ ಜನರ ತೋಳಿನ ಮೇಲೆ ಒಬ್ಬ ಧಣಿ ತನ್ನ ಹೆಸರಿನ ಮೊದಲಕ್ಷರಗಳ ಗುರುತು ಹಾಕಿಸಿದ. ಅನಂತರ ಮಿಷನರಿಗಳು ಬಂದು, ನಿಮ್ಮ ಹಾಡು, ಕಷಾಯ, ನಶ್ಯ ಎಲ್ಲವೂ ಸೈತಾನನವು ಎಂದು ಬಿಡಿಸಿದರು. ಗ್ರೆಗೋರಿಯೊ ನದಿಯ ಯವನಾವಾ ಜನರ ನೆಲಕ್ಕೆ ಗಡಿ ಗುರುತಾದದ್ದು 1984ರಲ್ಲಿ, ಆಕ್ರೆಯಲ್ಲಿ ಅದೇ ಮೊದಲು. ಮಿಷನರಿಗಳನ್ನು ಅವರು ಸಾಗಹಾಕಿದ್ದೂ ಆ ದಶಕದಲ್ಲೇ. ಈಗ ಮಿಷನರಿಗಳು ಬಂದಿದ್ದ ಅದೇ ದೇಶಗಳಿಂದ ಮೊಮ್ಮಕ್ಕಳ ವಯಸ್ಸಿನವರು ವಿಮಾನ ಇಳಿದು, ದೋಣಿಯಲ್ಲಿ ಗಂಟೆಗಟ್ಟಲೆ ಕೂತು, ಆ ಸೈತಾನನ ಪುಡಿಯನ್ನು ಊದಿಸಿಕೊಳ್ಳಲು ಬರುತ್ತಾರೆ. ಯವನಾವಾ ಜನ ದುಡ್ಡು ತೆಗೆದುಕೊಂಡೇ ಊದುತ್ತಾರೆ. ಚೆನ್ನಾಗಿ ತೆಗೆದುಕೊಳ್ಳಲಿ. ಇಡೀ ವ್ಯವಹಾರದಲ್ಲಿ ಲೆಕ್ಕ ಸರಿಹೊಂದುವ ಒಂದೇ ಒಂದು ಜಾಗ ಅದು.

ಅಲ್ಲಿ ಊದುವ ಅಧಿಕಾರ ಬರಬೇಕಾದರೆ ತಿಂಗಳುಗಟ್ಟಲೆ ಕಟ್ಟುನಿಟ್ಟಾದ ಪಥ್ಯ, ಏಕಾಂತ, ಸಿಹಿ ಮತ್ತು ಸಂಗಗಳ ತ್ಯಾಗ. ಯುರೋಪಿನಲ್ಲಾದರೆ ಆನ್‌ಲೈನ್ ತರಬೇತಿ ಮುಗಿಸಿದವನಿಗೆ ಪ್ರಮಾಣಪತ್ರ ಬರುತ್ತದೆ. ಅವನಿಗಿರುವ ಒಂದೇ ಪಥ್ಯ ಗ್ಲೂಟನ್ ಬಿಡುವುದು, ಅದನ್ನು ಅವನು ಮೊದಲೇ ಬಿಟ್ಟಿರುತ್ತಾನೆ.

ಇದಕ್ಕಿಂತ ಚುರುಕಾದವರೂ ಆಗಿಹೋಗಿದ್ದಾರೆ. ಅಮೆರಿಕದ ಒಬ್ಬ ಆಸಾಮಿ ಅಮೆಜಾನಿನ ಆದಿವಾಸಿಗಳು ಪೂಜೆಯ ಕಷಾಯಕ್ಕೆ ಬಳಸುವ ಆಯಾವಾಸ್ಕ ಬಳ್ಳಿಯ ಒಂದು ತಳಿ ತನ್ನದೆಂದು 1986ರಲ್ಲಿ ಪೇಟೆಂಟ್ ಪಡೆದ. ಅಮೆಜಾನ್ ಆದಿವಾಸಿಗಳ ಒಕ್ಕೂಟ ಹೋರಾಡಿ 1999ರಲ್ಲಿ ರದ್ದುಮಾಡಿಸಿತು. 2001ರಲ್ಲಿ ಪೇಟೆಂಟ್ ಕಚೇರಿ ಅದನ್ನು ಮರಳಿ ಅವನ ಕೈಗಿಟ್ಟಿತು, 2003ರಲ್ಲಿ ಅವಧಿ ಮುಗಿದು ತಾನಾಗಿಯೇ ಸತ್ತಿತು. ಅರಿಶಿನದ ಪೇಟೆಂಟಿಗಾಗಿ ಅದೇ ಕಚೇರಿಯ ಮೆಟ್ಟಿಲು ಹತ್ತಿ 1997ರಲ್ಲಿ ಗೆದ್ದುಬಂದ ನಮಗೆ ಈ ಕಥೆಯ ವಾಸನೆ ದೂರದಿಂದಲೇ ಹತ್ತುತ್ತದೆ.

ಇಷ್ಟು ತಿಳಿದ ಮೇಲೆ ನಮ್ಮವರೇಕೆ ಸುಮ್ಮನಿರಬೇಕು? ನಮ್ಮ ನಶ್ಯಕ್ಕೂ ಅದೇ ಸೊಪ್ಪಿನ ವಂಶಾವಳಿ. ಆದರೆ ಪೆಟ್ಟಿಗೆ ಅಂಗಡಿಯ ನಶ್ಯದ ಗತಿ ನೋಡಿ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಅದರ ಹೆಸರಿದೆ. ಪೊಟ್ಟಣದ ಶೇ. 85 ಭಾಗದಲ್ಲಿ ಕೊಳೆತ ಬಾಯಿಯ ಚಿತ್ರವೂ ಎಚ್ಚರಿಕೆಯ ಮಾತೂ ಇರಬೇಕು. ಬೆಲೆ ಚಿಲ್ಲರೆ ಕಾಸು, ಏರಿಸುವವರು ಧೋತರದ ಚುಂಗಿನಿಂದ ಮೂಗೊರೆಸಿಕೊಳ್ಳುವ ಹಿರಿಯರು, ಮರ್ಯಾದೆ ಸೊನ್ನೆ. ಆ ಚಿತ್ರದ ಜಾಗದಲ್ಲಿ ಒಂದು ನವಿಲುಗರಿ, ಒಂದು ಬಂಡೀಪುರದ ಹುಲಿ, ‘ದಖ್ಖನಿನ ಪಿತಾಮಹರ ಪವಿತ್ರ ಶ್ವಾಸಚೂರ್ಣ’ ಎಂಬ ಹೆಸರು, ಹಿಂಬದಿಯಲ್ಲಿ ‘ಮಾನವ ಸೇವನೆಗೆ ಅಲ್ಲ’ ಎಂಬ ರಕ್ಷಾಮಂತ್ರ ಬಿದ್ದರೆ ಹಪೆಯ ಹಪಹಪಿ ಹತ್ತಿದವರೆಲ್ಲ ಇತ್ತ ತಿರುಗುತ್ತಾರೆ. ಚಾಪೆ, ಬಕೆಟ್ ನಮ್ಮಲ್ಲೂ ಇವೆ. ಊದಲು ಒಲೆಯ ಕೊಳವೆಯೇ ಸಾಕು. ಸಮ್ಮತಿ ಪತ್ರಕ್ಕೆ ಮಾತ್ರ ಇಲ್ಲಿಯ ಗಿರಾಕಿಗಳನ್ನು ನೆನೆದು ಒಂದು ಹೆಚ್ಚಿನ ಕಲಮು ಸೇರಿಸಬೇಕಾಗುತ್ತದೆ: ಜೋಡಿ ಸೀನು ಬರಿಸಲು ಶಕ್ತಿಮೀರಿ ಪ್ರಯತ್ನಿಸಲಾಗುವುದು, ಒಂಟಿ ಸೀನಿಗೆ, ಅದರಿಂದ ಕೆಟ್ಟ ಕಾರ್ಯಗಳಿಗೆ ಆಯೋಜಕರು ಹೊಣೆಯಲ್ಲ.